ತಾಲೀಮಿನ ಕುರ್ಚಿ

ಲಾನ್ಸೆಸ್ಟನ್
ಮೇ 4, 2014

ಪ್ರಿಯ ಥೆಲ್ಮಾ,

ನಿಮಗೆ ಕಾಗದ ಬರೆದು ಮಾತಾಡುವುದು ನನಗೆ ಇನ್ನೂ ಒಗ್ಗಿಲ್ಲ. ಇಷ್ಟು ವರ್ಷ ಏನೇ ತಲೆಬಿಸಿ ಬಂದರೂ ಫೋನ್ ಎತ್ತುತ್ತಿದ್ದೆ, ಆ ಕಡೆಯಿಂದ "ಹೇಳೇ, ಮೊದ್ಲು ಉಸಿರು ಬಿಡು" ಎಂದು ನಿಮ್ಮ ಗೊಗ್ಗರು ದನಿ ಬರುತ್ತಿತ್ತು. ಗಂಟಲಿನ ಆಪರೇಷನ್ ಆಗಿ ದನಿ ಹೋದಮೇಲೆ ನೀವು ಫೋನನ್ನೂ ತೆಗೆಸಿಬಿಟ್ಟಿರಿ, ಕಂಪ್ಯೂಟರ್ ಮುಟ್ಟುವುದಿಲ್ಲ ಎಂದಿರಿ. ಹಟ ನಿಮ್ಮದು, ತಾಪತ್ರಯ ನಮ್ಮದು.

ತಮ್ಮ ಲಿಂಡ್ಸಿ ಕಾಣೆಯಾಗಿದ್ದಾನೆ. ನಾನೇ ಕಳೆದುಕೊಂಡೆ ಎಂದರೆ ಸರಿಯಾದೀತು.

ಅಪ್ಪ ಹೋದಮೇಲೆ ಲಾಂಡ್ರಿಯ ಮಹಡಿಯ ಆಫೀಸು ನನ್ನದು, ಕೆಳಗಿನ ಯಂತ್ರಗಳೆಲ್ಲ ತಮ್ಮನದು ಎಂದು ಹಂಚಿಕೊಂಡಿದ್ದೆವು, ನಿಮಗೇ ಗೊತ್ತಲ್ಲ. ಕಳೆದ ವರ್ಷದಿಂದ ಅವನು ಹದ ತಪ್ಪಿದ. ಹಬೆಯ ವಾಲ್ವ್ ತೆರೆದಿಟ್ಟು ಹೋಗಿ, ಕೆಳಗೆ ಕೆಲಸ ಮಾಡುವ ನೇಪಾಳಿ ಹೆಂಗಸು ಮನಮಾಯಾಳ ಕೈ ಬೇಯುವುದು ಸ್ವಲ್ಪದರಲ್ಲಿ ತಪ್ಪಿತು. ವ್ಯಾನನ್ನು ಗೇಟಿಗೆ ಗುದ್ದಿದ. ಮಡಚಿಟ್ಟ ಹಾಸಿಗೆ ಬಟ್ಟೆಯ ರಾಶಿಯನ್ನು ನೆಲಕ್ಕೆ ಬೀಳಿಸಿ ಸುಮ್ಮನಿದ್ದವರ ಮೇಲೆ ಎಗರಾಡಿದ. ಆಸ್ಪತ್ರೆಯ ಶನಿವಾರದ ಲೋಡು ಮರೆತೇಹೋದ. ಬೆಳಗ್ಗೆ ಎಂಟಕ್ಕೆಲ್ಲ ತೂರಾಡಿಕೊಂಡು ಬರುತ್ತಿದ್ದ. ನಮ್ಮಪ್ಪನದೇ ಚಾಳಿ, ಅದೇ ಕುಡಿತ.

ಮಾರ್ಚ್ ತಿಂಗಳಲ್ಲಿ ಇದನ್ನು ಕೋಣೆಯಲ್ಲಿ, ನಾವು ಮಾಲೀಕರು ಒಬ್ಬರ ತಲೆನೋವು ಒಬ್ಬರಿಗೆ ಹೇಳಿಕೊಳ್ಳುವ ಕೂಟದಲ್ಲಿ, ಇಟ್ಟೆ. ಕೂಟ ನಡೆಸಲು ನಿಮ್ಮ ಜಾಗಕ್ಕೆ ಬಂದಿರುವ ಯೂಅನ್ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದ: "ಕುಡುಕ ತಮ್ಮನನ್ನು ಕೆಲಸದಿಂದ ತೆಗೆಯುವುದು ಹೇಗೆ?" ಮೊದಲು ಪ್ರಶ್ನೆ, ಆಮೇಲೆ ಸಲಹೆ ಎಂದು ನೀವು ಮಾಡಿದ ಕಟ್ಟಳೆ ಇದೆಯಲ್ಲ, ಅದನ್ನು ಪಾಲಿಸಿದರು. ಆದರೆ ಚಹಾ ಆರುವ ಮೊದಲೇ ಪ್ರಶ್ನೆಗಳು ಮುಗಿದವು. ತೆಗೆದುಬಿಡು ಎಂದು ಮೇಜಿನ ಸುತ್ತ ಕೂತಿದ್ದ ಎಲ್ಲ ಮಾಲೀಕರೂ ಕೈ ಎತ್ತಿದರು.

ಆಮೇಲೆ ತಾಲೀಮು. ಟ್ರ್ಯಾಕ್ಟರ್ ಮಾರುವ ಗ್ಯಾರಿ ಟಬ್ ಲಿಂಡ್ಸಿಯ ಪಾತ್ರ ಹಾಕಿದ. ಖಾಲಿ ಕುರ್ಚಿಯವರೆಗೆ ತೂರಾಡುತ್ತ ನಡೆದುಬಂದು ಧೊಪ್ಪೆಂದು ಕೂತು "ಅಕ್ಕಾ, ಇನ್ನೊಂದೇ ಒಂದು ಚಾನ್ಸ್ ಕೊಡೇ" ಎಂದು ತೊದಲಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಥೆಲ್ಮಾ. ಗ್ಯಾರಿ ಕೂಗಾಡಿದ, ಅತ್ತ, ಸತ್ತ ಅಪ್ಪನನ್ನು ಮಧ್ಯಕ್ಕೆ ತಂದ. ಒಂದೊಂದಕ್ಕೂ ಉತ್ತರ ಬಾಯಿಪಾಠ ಮಾಡಿಸಿದರು. "ಮುಂದಿನ ಸಲ ಬರುವಷ್ಟರಲ್ಲಿ ಮುಗಿಸಿರ್ತೀನಿ" ಎಂದು ಎಲ್ಲರೆದುರು ಮಾತು ಕೊಟ್ಟೆ.

ಹಾಗೇ ಮಾಡಿದೆ. ಒಂದು ಶುಕ್ರವಾರ ಲಿಂಡ್ಸಿಯನ್ನು ಮಹಡಿಗೆ ಕರೆದು ಕಲಿತದ್ದನ್ನೆಲ್ಲ ಒಪ್ಪಿಸಿದೆ. ಗ್ಯಾರಿ ಆಡಿದ ಒಂದು ಮಾತನ್ನೂ ಅವನು ಆಡಲಿಲ್ಲ. ನನ್ನ ಮುಖವನ್ನೇ ನೋಡಿದ. "ಆಯ್ತಕ್ಕ. ಬಾಯ್ಲರ್ ನೀರು ನೋಡ್ಕೊ, ಸಂಜೆ ಹೊತ್ತು ಇಳಿಯತ್ತೆ" ಎಂದು ಹೇಳಿ ಫ್ಲಾಸ್ಕ್ ಎತ್ತಿಕೊಂಡು ಹೋದ.

ಅವತ್ತಿನಿಂದ ಮನೆಗೆ ಬೀಗ, ಫೋನ್ ಆಫ್. ಪೊಲೀಸರು "ದೊಡ್ಡೋರು ತಾವಾಗೇ ಹೋದ್ರೆ ನಾವೇನ್ ಮಾಡೋದು" ಅನ್ನುತ್ತಾರೆ. ಮಾಲೀಕರ ಕೈಕೆಳಗಿನ ಮುಖ್ಯಸ್ಥರಿಗೆ ನೀವು ಬೇರೆ ಕೂಟ ನಡೆಸುತ್ತಿದ್ದಿರಲ್ಲ, ಅದಕ್ಕೆ ಲಿಂಡ್ಸಿ ತಪ್ಪದೆ ಬರುತ್ತಿದ್ದ. ನಿಮ್ಮನ್ನು ಕಂಡರೆ ಅವನಿಗೆ ಇಷ್ಟ. ನಿಮಗೇನಾದರೂ ತಿಳಿಸಿದ್ದಾನಾ? ಹೊಟ್ಟೆಗೆ ಅನ್ನ ಇಳಿಯುತ್ತಿಲ್ಲ. ದಯವಿಟ್ಟು ಬರೆಯಿರಿ.

ನಿಮ್ಮ
ಮೆರಿನ್


ಬ್ರಿಡ್‌ಪೋರ್ಟ್
ಮೇ 8, 2014

ಮೆರಿನ್,

ಬದುಕಿದ್ದಾನೆ. ನನಗೊಂದು ಚೀಟಿ ಬಂದಿದೆ. ಎಲ್ಲಿದ್ದೇನೆಂದು ಯಾರಿಗೂ ಹೇಳಬೇಡಿ ಎಂದು ಬರೆದಿದ್ದಾನೆ, ಹಾಗಾಗಿ ಹೇಳುವುದಿಲ್ಲ. ನನ್ನನ್ನು ಬೈದುಕೋ. ಆದರೆ ಮೊದಲು ಊಟ ಮಾಡು.

ಈಗ ನಾನು ಕೊರಳಿಗೆ ಸ್ಲೇಟು ಕಟ್ಟಿಕೊಂಡು ತಿರುಗುತ್ತೇನೆ. ಮೀನಿನಂಗಡಿಯ ಹುಡುಗಿ ನನಗೆ ಕಿವಿಯೂ ಕೇಳಿಸುವುದಿಲ್ಲ ಎಂದುಕೊಂಡು ಕಿರುಚುತ್ತಾಳೆ. ಬಾಯಿ ಹೋದರೂ ಚಟ ಹೋಗಿಲ್ಲ. ಕೋಣೆಯಲ್ಲಿ ನಾನಿದ್ದಿದ್ದರೆ ಕೇಳುತ್ತಿದ್ದದ್ದನ್ನು ಇಲ್ಲಿಂದಲೇ ಕೇಳುತ್ತೇನೆ.

ಬೋರ್ಡಿನ ಮೇಲಿನ ಆ ಪ್ರಶ್ನೆಗೆ "ಕುಡುಕ" ಎಂದು ಸೇರಿಸಿದವರು ಯಾರು? ಅದನ್ನು ಒಬ್ಬರಾದರೂ ಕೆದಕಿದರಾ? ಇದರಲ್ಲಿ ನೀನು ಕಣ್ಣಾರೆ ಕಂಡದ್ದೆಷ್ಟು, ಅಂದುಕೊಂಡದ್ದೆಷ್ಟು? ಸದಸ್ಯರು ಮೊದಲು ತರುವ ಪ್ರಶ್ನೆ ಬಹಳ ಸಲ ನಿಜವಾದ ಪ್ರಶ್ನೆ ಆಗಿರುವುದಿಲ್ಲ. ಹಾಗೆಂದು ನಾನು ತಲೆ ಚಿಟ್ಟುಹಿಡಿಯುವಷ್ಟು ಸಲ ಹೇಳುತ್ತಿದ್ದೆ, ಯೂಅನ್‌ಗೆ ಹೇಳಿಕೊಡಲು ಮರೆತೆನೇನೋ.

ಯೋಚನೆ ಮಾಡಿ ಬರಿ. ಸಿಟ್ಟಿನಲ್ಲಿ ಬರೆಯಬೇಡ.

ಥೆಲ್ಮಾ


ಬ್ರಿಡ್‌ಪೋರ್ಟ್
ಮೇ 9, 2014

ಲಿಂಡ್ಸಿ,

ಇದನ್ನು ಸರೋವರದ ಅಂಗಡಿಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಬ್ರೆಡ್ಡು ತರಲು ಹೋದಾಗ ಸಿಗುತ್ತದೆ.

ನನ್ನ ಗಂಡ ಮೀನು ಹಿಡಿಯಲೆಂದು ಕಟ್ಟಿದ ಗುಡಿಸಲಿನ ಬೀಗದ ಕೈ ಕೇಳಿದಾಗ ಕಣ್ಣು ಮುಚ್ಚಿ ಕೊಟ್ಟೆ. ನಾಲ್ಕು ದಿನ ಇದ್ದು ಬರುತ್ತೀಯ ಎಂದುಕೊಂಡಿದ್ದೆ. ನಮ್ಮ ದಕ್ಷಿಣದ ಚಳಿಗಾಲ ಶುರುವಾಯಿತು, ಅಲ್ಲಿ ಇನ್ನು ಹಿಮ ಬೀಳುವ ಕಾಲ. ನಿನ್ನ ಕೈಯಲ್ಲಿ ಕೊಡಲಿ ನಿಲ್ಲುವುದಿಲ್ಲ, ಸೌದೆ ಯಾರು ಒಡೆಯುತ್ತಾರೆ?

ನಿನ್ನಕ್ಕ ನನಗೆ ಬರೆದಿದ್ದಾಳೆ. ನೀನು ಕುಡಿಯುತ್ತೀಯ ಎಂದೇ ಇನ್ನೂ ನಂಬಿದ್ದಾಳೆ. ಹೋಬಾರ್ಟಿನಲ್ಲಿ ರಕ್ತಪರೀಕ್ಷೆ ಮಾಡಿಸಿಕೊಂಡು ನೀನು ನೇರ ನನ್ನ ಹತ್ತಿರ ಬಂದದ್ದು, ಅಪ್ಪನಿಗಿದ್ದದ್ದು ಕುಡಿತವಲ್ಲ, ನರಗಳನ್ನು ತಿನ್ನುವ ರೋಗ, ಈಗ ಅದು ನಿನ್ನಲ್ಲೂ ಇದೆ ಎಂದದ್ದು, ಇದೆಲ್ಲ ನನ್ನೆದೆಯಲ್ಲಿ ಕೂತು ಕೊಳೆಯುತ್ತಿದೆ. ಕೋಣೆಯ ಮಾತು ಕೋಣೆಯಲ್ಲೇ ಇರಬೇಕು ಎಂಬ ಕಟ್ಟಳೆ ನನ್ನದೇ. ಹೆಂಡತಿಯ ಹತ್ತಿರ ಬಾಯಿಬಿಟ್ಟ ಒಬ್ಬ ಸದಸ್ಯನನ್ನು ಅದೇ ದಿನ ಹೊರಗೆ ಹಾಕಿದವಳು ನಾನು. ಈಗ ಅದೇ ನನ್ನ ಕುತ್ತಿಗೆ ಹಿಸುಕುತ್ತಿದೆ, ಈ ಕುತ್ತಿಗೆಯಲ್ಲಿ ಉಳಿದಿರುವುದೂ ಅಷ್ಟಕ್ಕಷ್ಟೇ.

ನನ್ನನ್ನು ಆ ಮಾತಿನಿಂದ ಬಿಡಿಸು, ಮಗನೇ. ಅವಳಿಗೆ ಹೇಳಲು ಬಿಡು, ಇಲ್ಲವೇ ನೀನೇ ಹೇಳು.

ಥೆಲ್ಮಾ


ಸರೋವರ
ಮೇ 24, 2014

ಥೆಲ್ಮಾ,

ಕಾಗೆ ಕಾಲು ಗುಬ್ಬಿ ಕಾಲು ಅಕ್ಷರ, ಓದಕ್ಕಾದಷ್ಟು ಓದ್ಕೊಳಿ. ಒಂದು ಹಾಳೆ ಬರೆಯಕ್ಕೆ ಎರಡು ದಿನ ಹಿಡೀತು. ನಿಮ್ಮ ಯಜಮಾನರ ನೀಲಿ ಕಪ್ಪು ಒಡೆದುಹೋಯ್ತು, ಹಳದೀದೂ ಹೋಯ್ತು. ಈಗ ತಗಡಿನ ಡಬ್ಬೀಲಿ ಚಹಾ ಕುಡೀತೀನಿ.

ಹೇಳ್ಬೇಡಿ. ಕೈ ಮುಗೀತೀನಿ.

ಅಕ್ಕನಿಗೆ ಕುಡುಕ ತಮ್ಮ ಇದ್ರೆ ತೊಂದ್ರೆ ಇಲ್ಲ. ಕುಡುಕನ್ನ ಬೈದು ನಿದ್ದೆ ಮಾಡ್ಬಹುದು. ಇದು ಗೊತ್ತಾದ್ರೆ ಅವಳು ಯಾವತ್ತೂ ನಿದ್ದೆ ಮಾಡಲ್ಲ. ಅಪ್ಪಂಗೆ ಇದ್ರೆ ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ನಾಣ್ಯ ಚಿಮ್ಮಿದ ಹಾಗೆ, ಬಂದ್ರೆ ಬಂತು ಇಲ್ಲಾಂದ್ರೆ ಇಲ್ಲ ಅಂತ ಡಾಕ್ಟ್ರು ಹೇಳಿದ್ರು. ನನ್ನ ನಾಣ್ಯ ಬಿದ್ದಾಯ್ತು. ಅಕ್ಕಂದು ಇನ್ನೂ ಗಾಳೀಲಿದೆ. ಅವಳ ಮಗಳು ಜೆಮ್ಮಾ ಬಸುರಿ, ಗೊತ್ತಾ ನಿಮಗೆ? ಈಸ್ಟರ್‌ಗೆ ಬಂದಾಗ ಹೊಟ್ಟೆ ಮುಟ್ಟಿಸಿ "ಮಾವ, ಒದೀತಾ ಇದೆ ನೋಡು" ಅಂದ್ಲು. ಮದ್ದಿಲ್ಲದ ರೋಗದ ಹೆಸರನ್ನ ಆ ಮನೆಯೊಳಗೆ ನಾನು ಹೆಂಗೆ ತಗೊಂಡು ಹೋಗ್ಲಿ?

ಅವತ್ತು ಅಕ್ಕ ಮಹಡಿಗೆ ಕರೆದು ಮಾತಾಡಿದ್ಲು. ಯಾರೋ ಬರೆದುಕೊಟ್ಟದ್ದನ್ನ ಶಾಲೆ ಮಕ್ಕಳು ಓದ್ತಾರಲ್ಲ, ಹಂಗೆ. ಪಾಪ ಅನ್ನಿಸ್ತು. ಬಾಯಿ ಬಿಟ್ರೆ ಎಲ್ಲಾ ಹೊರಗೆ ಬಿದ್ದುಬಿಡತ್ತೆ ಅಂತ ಬಾಯ್ಲರ್ ನೀರಿನ ಮಾತಾಡಿ ಎದ್ದು ಬಂದೆ.

ಸೌದೆ ಅಂಗಡಿಯಮ್ಮ ಕಳಿಸ್ತಾಳೆ. ಸಂಜೆ ಹೊತ್ತು ದಡದಲ್ಲಿ ಹೋಗಿ ನಿಲ್ತೀನಿ. ನೀರು ಬಾ ಅನ್ನತ್ತೆ, ಥೆಲ್ಮಾ, ಸುಳ್ಳು ಯಾಕೆ ಹೇಳ್ಲಿ. ಇಲ್ಲಿವರೆಗೂ ವಾಪಸ್ ಬಂದಿದೀನಿ.

ಲಿಂಡ್ಸಿ


ಲಾನ್ಸೆಸ್ಟನ್
ಜೂನ್ 7, 2014

ಪ್ರಿಯ ಥೆಲ್ಮಾ,

ಸಿಟ್ಟಿನಲ್ಲಿ ಬರೆಯಬೇಡ ಎಂದಿರಿ. ತಿಂಗಳು ಕಾದೆ, ಸಿಟ್ಟು ಇಳಿಯಲಿಲ್ಲ. ಹಾಗೇ ಬರೆಯುತ್ತಿದ್ದೇನೆ.

ತಮ್ಮ ಎಲ್ಲಿದ್ದಾನೆಂದು ನಿಮಗೆ ಗೊತ್ತು. ನನಗೆ ಹೇಳದೆ, ಪರೀಕ್ಷೆ ಬರೆಯುವ ಮಕ್ಕಳಿಗೆ ಕೊಟ್ಟ ಹಾಗೆ ಪ್ರಶ್ನೆಗಳನ್ನು ಕಳಿಸುತ್ತೀರಿ. ನಾನು ಕಂಡದ್ದೇನು ಅಂತ ಕೇಳುತ್ತೀರಲ್ಲ, ಅಪ್ಪನನ್ನು ಕಂಡಿದ್ದೇನೆ. ಊಟದ ಮೇಜಿನಲ್ಲಿ ತಟ್ಟೆ ಹಾರುತ್ತಿತ್ತು. ಬೀದಿಯಲ್ಲಿ ಅಪ್ಪ ತೂರಾಡಿಕೊಂಡು ಬಂದರೆ ನಾನು ಗೆಳತಿಯರ ಕೈ ಹಿಡಿದು ಇನ್ನೊಂದು ಗಲ್ಲಿಗೆ ತಿರುಗುತ್ತಿದ್ದೆ. ಅದೇ ನಡಿಗೆ ನನ್ನ ತಮ್ಮನ ಕಾಲಿಗೆ ಬಂದರೆ ನನಗೆ ಗುರುತು ಹತ್ತುವುದಿಲ್ಲವೇ?

ಕೋಣೆಯಲ್ಲಿ ಎಲ್ಲರೂ ನನ್ನ ಬೆನ್ನು ತಟ್ಟಿದರು. ಹೇಳಿದ್ದನ್ನು ಮಾಡಿ ಬಂದವಳು ಎಂದು ಯೂಅನ್ ನನ್ನ ಹೆಸರಿನ ಮುಂದೆ ಹಸಿರು ಗೀಟು ಎಳೆದ. ಶುರುವಿನಲ್ಲಿ ಪ್ರತಿಯೊಬ್ಬರೂ ವ್ಯಾಪಾರಕ್ಕೊಂದು, ಮನೆಗೊಂದು ಹತ್ತಕ್ಕೆ ಇಷ್ಟು ಎಂದು ಅಂಕ ಹೇಳಬೇಕಲ್ಲ, ಎರಡಕ್ಕೂ ಎಂಟು ಎಂದೆ. ಯಾವಾಗಲೂ ಎಂಟೇ ಹೇಳುತ್ತೇನೆ. ಕಾರಿಗೆ ಬಂದು ಬಾಗಿಲು ಹಾಕಿಕೊಂಡು ಗೋಳೋ ಎಂದು ಅತ್ತೆ.

ಕೆಳಗಿನ ಹೆಂಗಸರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ನಾನು ಮೆಟ್ಟಿಲಿಳಿದರೆ ನೇಪಾಳಿ ಹಾಡು ನಿಂತುಹೋಗುತ್ತದೆ. ಲಿಂಡ್ಸಿಯ ಮಗ್ಗನ್ನು ಯಾರೋ ತೊಳೆದು ಅದರ ಜಾಗದಲ್ಲೇ ಇಟ್ಟಿದ್ದಾರೆ. ಹೊಸ ಮೇಲ್ವಿಚಾರಕ ಎಲ್ಲವನ್ನೂ ಸರಿಯಾಗಿ ಮಾಡುತ್ತಾನೆ, ಅವನನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ವಿಳಾಸ ಕೊಡಿ. ಪ್ರಶ್ನೆ ಸಾಕು.

ಮೆರಿನ್


ಬ್ರಿಡ್‌ಪೋರ್ಟ್
ಜೂನ್ 10, 2014

ಮೆರಿನ್,

ಇನ್ನೊಂದೇ ಪ್ರಶ್ನೆ. ಇದಕ್ಕೆ ಉತ್ತರ ಕೊಟ್ಟರೆ ಮತ್ತೆ ಕೇಳುವುದಿಲ್ಲ.

ಅವನ ಪಕ್ಕದಲ್ಲಿ ದಿನಾ ನಿಂತಿದ್ದೀಯ, ವ್ಯಾನಿನಲ್ಲಿ ಕೂತಿದ್ದೀಯ. ಅವನ ಬಾಯಿಂದ ಯಾವತ್ತಾದರೂ ಹೆಂಡದ ವಾಸನೆ ಬಂದಿತ್ತಾ?

ಬೇಗ ಬರಿ. ನನಗೆ ಹೆದರಿಕೆಯಾಗುತ್ತಿದೆ. ಇದು ನಾಟಕದ ಮಾತಲ್ಲ.

ಥೆಲ್ಮಾ


ಲಾನ್ಸೆಸ್ಟನ್
ಜೂನ್ 16, 2014

ಥೆಲ್ಮಾ,

ಇಲ್ಲ.

ಆ ಕಾಗದ ಬಂದ ದಿನ ಇದೆಂಥ ಪ್ರಶ್ನೆ ಎಂದು ಮುದುರಿ ಬಿಸಾಕಿದೆ. ಆಮೇಲೆ ಇಸ್ತ್ರಿ ಯಂತ್ರದ ಪಕ್ಕ ನಿಂತಿದ್ದಾಗ ನೆನಪಾಯಿತು. ಅವನ ಹತ್ತಿರ ಸೋಪಿನ ಪುಡಿ, ಬಿಸಿ ಬಟ್ಟೆ, ಪುದೀನಾ ಮಿಠಾಯಿ ಇವುಗಳ ವಾಸನೆ ಬರುತ್ತಿತ್ತು. ಮಿಠಾಯಿ ತಿನ್ನುವುದು ವಾಸನೆ ಮುಚ್ಚಲಿಕ್ಕೆ ಎಂದು ನಾನು ಕೋಣೆಯಲ್ಲಿ ಹೇಳಿದ್ದೆ, ಎಲ್ಲರೂ ತಲೆ ಆಡಿಸಿದ್ದರು. ಅವನು ಹುಡುಗನಾಗಿದ್ದಾಗಿನಿಂದ ಅದನ್ನು ತಿನ್ನುತ್ತಾನೆ. ನನಗೆ ಅದು ಗೊತ್ತಿತ್ತು, ಥೆಲ್ಮಾ. ಗೊತ್ತಿದ್ದೂ ಹಾಗೆ ಹೇಳಿದೆ.

ಅವನ ಮನೆಯ ಬೀಗ ಒಡೆಸಿದೆ. ಅಡುಗೆಮನೆಯಲ್ಲಿ ಒಂದು ಬಾಟಲಿಯೂ ಇಲ್ಲ. ಸ್ನಾನದ ಮನೆಯಲ್ಲಿ, ಮಂಚದ ಪಕ್ಕ, ಹಿಂಬಾಗಿಲ ಮೆಟ್ಟಿಲಿಗೆ, ಹಿಡಿದುಕೊಂಡು ನಡೆಯಲಿಕ್ಕೆ ಗೋಡೆಗೆ ಕಬ್ಬಿಣದ ಸರಳು ಹೊಡೆದಿದ್ದಾನೆ. ಓರೆಕೋರೆಯಾಗಿ, ಮೊಳೆಗಳೆಲ್ಲ ಬಾಗಿವೆ.

ಅಲ್ಲೇ ನೆಲದ ಮೇಲೆ ಕೂತು ಅಪ್ಪನನ್ನು ನೆನಪಿಸಿಕೊಂಡೆ. ಅಪ್ಪನ ಹತ್ತಿರವೂ ವಾಸನೆ ಇರಲಿಲ್ಲ. ಅಪ್ಪ ಕುಡಿಯುತ್ತಾನೆ ಎಂದು ಊರು ಹೇಳಿತು, ಅಮ್ಮ ನಾಚಿಕೆಯಿಂದ ಸುಮ್ಮನಿದ್ದಳು, ನಾನು ನಂಬಿದೆ. ಸಾಯುವ ಹೊತ್ತಿಗೆ ಅಪ್ಪನಿಗೆ ಚಮಚ ಹಿಡಿಯಲೂ ಬರುತ್ತಿರಲಿಲ್ಲ. ಹಾಸಿಗೆ ಹಿಡಿದವನಿಗೆ ಹೆಂಡ ತಂದುಕೊಡುತ್ತಿದ್ದವರು ಯಾರು? ಇಷ್ಟು ವಯಸ್ಸಾದರೂ ನನಗೆ ನಾನೇ ಇದನ್ನು ಒಂದು ಸಲವೂ ಕೇಳಿಕೊಂಡಿಲ್ಲ.

ಅದು ರೋಗ. ಅಪ್ಪನಿಂದ ಮಗನಿಗೆ ಬಂದ ರೋಗ. ಹೌದಲ್ಲವೇ? ನಿಮಗೆ ಗೊತ್ತಿತ್ತಲ್ಲವೇ? ಕೋಣೆ ನಕ್ಕಿತು, ನಾನು ನಕ್ಕೆ, ಅವನು ಗೋಡೆಗೆ ಸರಳು ಹೊಡೆದುಕೊಳ್ಳುತ್ತಿದ್ದ.

ಹೇಳಿ, ಥೆಲ್ಮಾ. ಕಾಲಿಗೆ ಬೀಳುತ್ತೇನೆ.

ಮೆರಿನ್


ಬ್ರಿಡ್‌ಪೋರ್ಟ್
ಜೂನ್ 18, 2014

ಮೆರಿನ್,

ಒಬ್ಬರು ನನ್ನ ಬಳಿ ಹೇಳಿಕೊಂಡದ್ದನ್ನು ನಾನು ಹೇಳಲಾರೆ. ಹೇಳಿದರೆ ನಾನು ಇಷ್ಟು ವರ್ಷ ಕೂತ ಕುರ್ಚಿಗೆ ಅರ್ಥವಿಲ್ಲ. ಹೇಳದೆ ಇದ್ದರೆ ಈ ಮುದುಕಿಗೇ ಅರ್ಥವಿಲ್ಲ. ಈ ಒಂದು ವಾರ ನಾನು ಹೇಗೆ ಕಳೆದೆ ಎಂದು ನನಗೇ ಗೊತ್ತು.

ಅದಿರಲಿ, ನನ್ನದೊಂದು ಸ್ವಂತ ಕೆಲಸವಿದೆ. ದೊಡ್ಡ ಸರೋವರದ ಹತ್ತಿರ ನಮ್ಮ ಯಜಮಾನರ ಗುಡಿಸಲು ಇದೆಯಲ್ಲ, ಹಸಿರು ತಗಡಿನದು. ಅದರ ಗ್ಯಾಸ್ ಸಿಲಿಂಡರ್ ಮುಗಿದಿರಬೇಕು. ನನ್ನಿಂದ ಹೊರಲಾಗದು. ನೀನು ತಲುಪಿಸಿ ಬರುತ್ತೀಯಾ? ಕಾರಿನ ಚಕ್ರಕ್ಕೆ ಸರಪಳಿ ಹಾಕಿಕೊ, ಮೇಲೆ ಹಿಮ ಬಿದ್ದಿದೆಯಂತೆ. ಒಂದಿಷ್ಟು ಕಪ್ಪುಗಳನ್ನೂ ತೆಗೆದುಕೊಂಡು ಹೋಗು, ತಗಡಿನವು.

ಈ ಕಾಗದ ಕೈಗೆ ಸಿಕ್ಕ ದಿನವೇ ಹೊರಡು. ನಾಳೆ ಎನ್ನಬೇಡ.

ಥೆಲ್ಮಾ


ಲಾನ್ಸೆಸ್ಟನ್
ಆಗಸ್ಟ್ 16, 2014

ಪ್ರಿಯ ಥೆಲ್ಮಾ,

ಸಿಲಿಂಡರ್ ತಲುಪಿತು ಎಂದು ಸರೋವರದ ಅಂಗಡಿಯಮ್ಮನ ಕೈಲಿ ಚೀಟಿ ಕಳಿಸಿದ್ದು ಬಿಟ್ಟರೆ ನಿಮಗೆ ಏನೂ ಬರೆಯಲಿಲ್ಲ. ಬರೆಯಲು ಕೂತರೆ ನನ್ನ ಕೈಯನ್ನೇ ನೋಡುತ್ತ ಕೂತುಬಿಡುತ್ತಿದ್ದೆ. ಈಗ ಹೇಳುತ್ತೇನೆ.

ನಾನು ಹೋದಾಗ ಗುಡಿಸಲಲ್ಲಿ ಯಾರೂ ಇರಲಿಲ್ಲ. ಒಲೆ ಆರಿತ್ತು. ಹಿಮದ ಮೇಲೆ ಒಬ್ಬರ ಹೆಜ್ಜೆ, ಅತ್ತ ಇತ್ತ ಎಳೆದುಕೊಂಡು ನೀರಿನ ಕಡೆ ಹೋಗಿತ್ತು. ಸಿಲಿಂಡರನ್ನು ಅಲ್ಲೇ ಎಸೆದು ಓಡಿದೆ. ದಡದಲ್ಲಿ ನಿಂತಿದ್ದ. ನನಗೆ ಹೆಸರು ಕರೆಯಲು ದನಿ ಬರಲಿಲ್ಲ, ನಿಮ್ಮ ಹಾಗೇ ಆಗಿದ್ದೆ. ಹಿಂದಿನಿಂದ ಹೋಗಿ ಅವನ ಕೋಟು ಹಿಡಿದುಕೊಂಡೆ.

"ಬಿಡೇ, ಬೀಳ್ತೀನಿ" ಅಂದ. ಆಮೇಲೆ "ಥೆಲ್ಮಾ ಹೇಳಿದ್ರಾ?" ಅಂದ.

"ಗ್ಯಾಸ್ ತಲುಪ್ಸು ಅಂದ್ರು. ಅಷ್ಟೇ."

ಅವನಿಗೆ ನಗು ಬಂತು. "ಮುದುಕಿ ಪಕ್ಕಾ ಕಿಲಾಡಿ" ಅಂದ. ಮುಖ ಮೂಳೆ ಮೂಳೆಯಾಗಿತ್ತು, ಒಲೆ ತಗುಲಿ ಅಂಗೈ ಸುಟ್ಟಿತ್ತು. ಒಳಗೆ ಕರೆದುಕೊಂಡು ಬಂದು ಒಲೆ ಹಚ್ಚಿದೆ, ತಂದಿದ್ದ ಮಾಂಸದ ಪೈ ಬಿಸಿ ಮಾಡಿ ತಿನ್ನಿಸಿದೆ. ಚಮಚ ಬಾಯಿಗೆ ಹೋಗುವ ಮೊದಲು ಎರಡು ಸಲ ಗಲ್ಲಕ್ಕೆ ತಾಗಿತು. ನಾನು ನೋಡದವಳ ಹಾಗೆ ಕಿಟಕಿ ನೋಡಿದೆ.

"ಅಪ್ಪಂದಾ?" ಎಂದು ಕೇಳಿದೆ.

"ಅಪ್ಪಂದೇ."

"ನಂಗೆ ಹೇಳಕ್ಕೆ ಏನಾಗಿತ್ತೋ ನಿಂಗೆ? ಕುಡುಕ ಅಂತ ಊರೆಲ್ಲ ಸಾರಿದೆ ನಾನು."

"ಹೇಳಿದ್ರೆ ನೀನು ಮೊದ್ಲು ನಿನ್ನ ಕೈ ನೋಡ್ಕೋತಿದ್ದೆ" ಅಂದ. "ಈಗ ನೋಡ್ಕೋತಿದೀಯಲ್ಲ, ಹಂಗೆ."

ನಿಜವಾಗಿಯೂ ಎರಡೂ ಕೈಗಳನ್ನು ಮುಂದೆ ಚಾಚಿ ಬೆರಳು ನೋಡಿಕೊಳ್ಳುತ್ತಿದ್ದೆ. ಯಾವಾಗ ಶುರು ಮಾಡಿದೆನೋ ಗೊತ್ತಿಲ್ಲ. ಅದನ್ನು ಕಂಡು ಅವನು ಅತ್ತ. ಮಹಡಿಗೆ ಕರೆದು ಮನೆಗೆ ಕಳಿಸಿದಾಗ ಅಳದವನು ಆಗ ಅತ್ತ. ನನ್ನ ಜೀವಮಾನದಲ್ಲಿ ಅದಕ್ಕಿಂತ ಕೆಟ್ಟ ಗಳಿಗೆ ಬರುವುದಿಲ್ಲ, ಬಂದರೂ ನನಗೆ ಬೇಡ.

ಅವನು ಮನೆಗೆ ಬಂದಿದ್ದಾನೆ, ನನ್ನ ಮನೆಗೆ. ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ, ದಡದ ವಿಷಯವನ್ನೂ ಅವನ ಬಾಯಲ್ಲೇ ಹೇಳಿಸಿದೆ. ಬೆಳಗ್ಗೆ ಲಾಂಡ್ರಿಗೂ ಬರುತ್ತಾನೆ. ವಾಲ್ವ್ ಮುಟ್ಟುವ ಹಾಗಿಲ್ಲ, ಕುರ್ಚಿ ಹಾಕಿಕೊಂಡು ಕೂತು ಹೊಸಬನಿಗೆ "ಸದ್ದು ಕೇಳೋ ಮಾರಾಯ, ಬೇರಿಂಗ್ ಹೋಗ್ತಿದೆ" ಎಂದು ಬೈಯುತ್ತಿರುತ್ತಾನೆ. ಮನಮಾಯಾ ಅವನ ಮಗ್ಗಿಗೆ ಅರ್ಧವೇ ಚಹಾ ಹಾಕುತ್ತಾಳೆ, ಚೆಲ್ಲದ ಹಾಗೆ.

ಮೊನ್ನೆ ಯೂಅನ್‌ಗೆ ಹೇಳಿ ಅವನನ್ನು ಕೋಣೆಗೆ ಕರೆದುಕೊಂಡು ಹೋದೆ. ಲಿಂಡ್ಸಿಯೇ ಬರುತ್ತೇನೆಂದ. ಗ್ಯಾರಿ ಕೂತು ಪಾತ್ರ ಮಾಡಿದ ಅದೇ ಕುರ್ಚಿ ಖಾಲಿ ಇತ್ತು. ಬಾಗಿಲಿನಿಂದ ಅಲ್ಲಿಯವರೆಗೆ ಅವನು ನಡೆದ. ಎಲ್ಲರೂ ಆ ನಡಿಗೆಯನ್ನು ಮುಂಚೆಯೇ ನೋಡಿದ್ದರು. ಯಾರೂ ತಲೆ ಎತ್ತಲಿಲ್ಲ. ಅಂಕ ಹೇಳುವ ಸರದಿ ಬಂದಾಗ ನಾನು ಮನೆಗೆ ಎರಡು ಅಂದೆ. ಲಿಂಡ್ಸಿ "ನಂದು ಮೂರು, ಅಕ್ಕನಿಗಿಂತ ಒಂದು ಜಾಸ್ತಿನೇ ಇರ್ಲಿ" ಅಂದ.

ಗ್ಯಾರಿ ಎದ್ದು ನಿಂತ. "ಲಿಂಡ್ಸಿ, ಮಾರ್ಚ್‌ನಲ್ಲಿ ನಾನು ಇಲ್ಲಿ ನಿನ್ನ ಥರ ನಡೆದು ತೋರ್ಸಿದೆ. ಇವ್ರೆಲ್ಲ ನಕ್ರು" ಎಂದ.

"ಹೌದಾ? ಎಲ್ಲಿ, ತೋರ್ಸು ನೋಡಾಣ" ಅಂದ ಲಿಂಡ್ಸಿ. "ನನ್ನಷ್ಟು ಚೆನ್ನಾಗಿ ಬರಲ್ಲ ಬಿಡು ನಿಂಗೆ."

ಗ್ಯಾರಿ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವತ್ತು ಊಟದ ಹೊತ್ತಿನವರೆಗೂ ಬರೀ ಪ್ರಶ್ನೆಗಳೇ ಬಂದವು, ಥೆಲ್ಮಾ. ಒಬ್ಬರೂ ಸಲಹೆ ಕೊಡಲಿಲ್ಲ. ನೀವು ಇದ್ದಿದ್ದರೆ ಸ್ಲೇಟಿನ ಮೇಲೆ ಶಭಾಷ್ ಎಂದು ಬರೆದು ತೋರಿಸುತ್ತಿದ್ದಿರಿ.

ನಾನು ಇಟ್ಟ ಪ್ರಶ್ನೆ ಜೆಮ್ಮಾಳದು. ಅವಳಿಗೆ ಹೇಗೆ ಹೇಳುವುದು? ಲಿಂಡ್ಸಿಯ ಮೇಲೆ ನನಗೆ ಉಳಿದಿದ್ದ ಸಿಟ್ಟೆಲ್ಲ ಈ ಪ್ರಶ್ನೆ ಕೈಗೆ ಬಂದಾಗ ಕರಗಿಹೋಯಿತು. ಅವನು ಹೊತ್ತಿದ್ದದ್ದು ಈಗ ನನ್ನ ತಲೆಯ ಮೇಲಿದೆ. ನಾನೂ ಮುಚ್ಚಿಟ್ಟು, ಎಂಟು ಎಂಟು ಎನ್ನುತ್ತ, ಅವಳ ಮಗುವನ್ನು ಆಡಿಸುತ್ತ ಇದ್ದುಬಿಡಲೇ ಎಂದು ಎಷ್ಟೋ ಸಲ ಅನಿಸಿದೆ. ಆದರೆ ಮುಚ್ಚಿಟ್ಟದ್ದು ನಮ್ಮ ಮನೆಯಲ್ಲಿ ಏನು ಮಾಡಿತೆಂದು ನೋಡಿದ್ದೇನೆ. ನನಗಿದ್ದರೆ ಅವಳಿಗೂ ಬರಬಹುದು, ಹಾಗಾಗಿ ಪರೀಕ್ಷೆ ಬೇಕೋ ಬೇಡವೋ ಅವಳೇ ಹೇಳಲಿ. ನಾನು ಮಾಡಿಸಿಕೊಳ್ಳುವುದೋ ಬಿಡುವುದೋ ಆಮೇಲೆ. ಅವಳು ನನ್ನ ಮುಖ ನೋಡುವುದನ್ನು ಬಿಟ್ಟರೆ ಏನು ಮಾಡುವುದೆಂದು ಮಾತ್ರ ಯೋಚಿಸಲಾರೆ.

ಯೂಅನ್ ಆ ಕುರ್ಚಿಯ ಕಡೆ ನೋಡಿ, "ಒಂದ್ಸಲ ತಾಲೀಮು ಮಾಡೋಣ್ವಾ? ಯಾರಾದ್ರೂ ಜೆಮ್ಮಾ ಆಗ್ಲಿ" ಅಂದ. ಒಳ್ಳೆಯ ಮನಸ್ಸಿನಿಂದಲೇ ಕೇಳಿದ, ಪಾಪ.

ಬೇಡ ಎಂದೆ.

ನಾಳೆ ಮಧ್ಯಾಹ್ನ ಊಟಕ್ಕೆ ಜೆಮ್ಮಾ ಬರುತ್ತಾಳೆ. ಕುರಿಮಾಂಸ ತಂದಿಟ್ಟಿದ್ದೇನೆ. ಲಿಂಡ್ಸಿ ನನ್ನ ಪಕ್ಕ ಕೂತಿರುತ್ತಾನೆ. ನಾನು ಏನು ಹೇಳುತ್ತೇನೋ ಗೊತ್ತಿಲ್ಲ, ಅವಳು ಏನು ಹೇಳುತ್ತಾಳೋ ಅದೂ ಗೊತ್ತಿಲ್ಲ. ಈ ಸಲ ಯಾವ ಉತ್ತರವನ್ನೂ ಕಲಿತುಕೊಂಡಿಲ್ಲ. ಅವಳು ಸುಮ್ಮನಿದ್ದರೆ ನಾನೂ ಅಲ್ಲೇ ಕೂತಿರುತ್ತೇನೆ.

ನಿಮ್ಮ
ಮೆರಿನ್